ಗರಗದ ಎಣ್ಣೆ: ಕಾಯಿಸುವ ಕ್ರಮ, ಇಳಿಸುವ ಹದ

ಎಣ್ಣೆಗೆ ಸೊಪ್ಪು ಹಾಕಿ ಗರಿಗರಿಯಾಗುವವರೆಗೆ ಕಾಯಿಸಿ ಸೋಸಿಟ್ಟರೆ ತಲೆಗೆ ಹಚ್ಚುವ ಎಣ್ಣೆಯಾಯಿತು ಎಂದುಕೊಂಡವರು ಬಹಳ. ಅದು ಸೊಪ್ಪನ್ನು ಕರಿದಂತೆ, ಅಷ್ಟೆ. ಆಯುರ್ವೇದದ ತೈಲಪಾಕಕ್ಕೆ, ಅಂದರೆ ಎಣ್ಣೆ ಕಾಯಿಸುವ ಕ್ರಮಕ್ಕೆ, ಮೂರು ವಸ್ತು ಬೇಕು: ಎಣ್ಣೆ, ದ್ರವ, ಕಲ್ಕ. ಕಲ್ಕವೆಂದರೆ ನುಣ್ಣಗೆ ಅರೆದ ಮುದ್ದೆ.

ಅಳತೆ ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯದು. ಎಣ್ಣೆಯ ನಾಲ್ಕರಷ್ಟು ದ್ರವ. ಆ ದ್ರವ ನೀರಾದರೆ ಕಲ್ಕ ಎಣ್ಣೆಯ ಕಾಲು ಭಾಗ, ಕಷಾಯವಾದರೆ ಆರನೆಯ ಒಂದು, ಹಸಿ ರಸವಾದರೆ ಎಂಟನೆಯ ಒಂದು. ಹಾಗಾಗಿ ಕಾಲು ಲೀಟರ್ ಎಳ್ಳೆಣ್ಣೆಗೆ 1 ಲೀಟರ್ ಗರಗದ (ಭೃಂಗರಾಜದ) ರಸ, ಸುಮಾರು 30 ಗ್ರಾಂ ಜೇಷ್ಠಮಧುವಿನ ಕಲ್ಕ. ಕರಾವಳಿಯವರು ಕೊಬ್ಬರಿ ಎಣ್ಣೆ ಬಳಸಬಹುದು. ಶಾಸ್ತ್ರದಲ್ಲಿ ಬರಿದೇ ‘ತೈಲ’ ಎಂದರೆ ಎಳ್ಳೆಣ್ಣೆಯೇ.

ಗದ್ದೆಯ ಬದು, ಕಾಲುವೆಯ ಅಂಚಿನಲ್ಲಿ ಬೆಳೆಯುವ, ಬಿಳಿ ಹೂವಿನ ಗರಗವನ್ನೇ ಆರಿಸಿ. ಎಲೆಯನ್ನು ಅಂಗೈಯಲ್ಲಿ ಹೊಸಕಿದರೆ ಸ್ವಲ್ಪ ಹೊತ್ತಿನಲ್ಲಿ ರಸ ಕಪ್ಪಿಗೆ ತಿರುಗಬೇಕು. ಬೇರಿನ ಮಣ್ಣು ಹೋಗುವಂತೆ ತೊಳೆದು, ನೀರು ಬಸಿದು, ರುಬ್ಬಿ ಬಟ್ಟೆಯಲ್ಲಿ ಹಿಂಡಿ. ರಸವನ್ನು ಇಡಬೇಡಿ, ಅಂದೇ ಒಲೆಗೇರಿಸಿ.

ಅಗಲ ಬಾಯಿಯ, ದಪ್ಪ ತಳದ ಸ್ಟೀಲ್ ಪಾತ್ರೆ ಅಥವಾ ಕಬ್ಬಿಣದ ಬಾಣಲೆ ಇರಲಿ. ಎಲ್ಲ ಹಾಕಿದ ಮೇಲೂ ಅರ್ಧ ಖಾಲಿ ಉಳಿಯಬೇಕು, ಇಲ್ಲದಿದ್ದರೆ ನೊರೆ ಉಕ್ಕಿ ಬೆಂಕಿಗೆ ಬೀಳುತ್ತದೆ. ತಣ್ಣನೆಯ ಎಣ್ಣೆಗೇ ಕಲ್ಕ, ರಸ ಬೆರೆಸಿ ಸಣ್ಣ ಉರಿಯಲ್ಲಿಡಿ. ಕಾದ ಎಣ್ಣೆಗೆ ರಸ ಸುರಿದರೆ ಸಿಡಿದು ಮುಖ ಸುಡುತ್ತದೆ. ಕಲ್ಕ ತಳ ಹಿಡಿಯುವುದರಿಂದ ಸೌಟನ್ನು ತಳಕ್ಕೆ ತಾಗಿಸಿಯೇ ತಿರುವಿ. ಒಂದೇ ದಿನದಲ್ಲಿ ಮುಗಿಸಬಾರದೆಂಬ ನಿಯಮವಿದೆ. ರಸ ಚೆನ್ನಾಗಿ ಕುದಿದ ಮೇಲೆ ಇಳಿಸಿಟ್ಟು ಮರುದಿನ ಮುಂದುವರಿಸಿ.

ಕಷ್ಟವಿರುವುದು ಕೊನೆಯ ಹತ್ತು ಹದಿನೈದು ನಿಮಿಷಗಳಲ್ಲಿ. ನೀರಿನಂಶ ಇರುವ ತನಕ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ನೀರು ಆರಿತೋ, ಎಣ್ಣೆಯ ಬಿಸಿ ಸರ್ರನೆ ಏರಿ ಕಲ್ಕ ಸೀಯುತ್ತದೆ. ಈ ಹೊತ್ತಿನಲ್ಲಿ ಒಲೆ ಬಿಟ್ಟು ಕದಲಬೇಡಿ. ಗುಳುಗುಳು ಸದ್ದು ಕಡಿಮೆಯಾಗಿ, ಎಣ್ಣೆಯ ಮೇಲೆ ನೊರೆ ಏಳತೊಡಗುತ್ತದೆ. ತುಪ್ಪದಲ್ಲಿ ಇದು ತಿರುಗುಮುರುಗು, ನೊರೆ ಅಡಗಿದರೆ ಹದ.

ಆಗ ಸೌಟಿನಲ್ಲಿ ತಳದ ಕಲ್ಕ ತೆಗೆದು, ಆರಿಸಿ, ಬೆರಳುಗಳ ನಡುವೆ ಹೊಸೆಯಿರಿ. ಬೆರಳಿಗೆ ಅಂಟಿದರೆ ಮೃದುಪಾಕ. ಅಂಟದೆ ಬತ್ತಿಯಂತೆ ಉರುಳಿದರೆ ಮಧ್ಯಮಪಾಕ. ಗಟ್ಟಿಯಾಗಿ ಮರಳುಮರಳಾದರೆ ಖರಪಾಕ. ಮೂಗಿಗೆ ಬಿಡುವ ಎಣ್ಣೆಗೆ ಮೊದಲನೆಯದು, ಮೈಗೆ ಹಚ್ಚುವುದಕ್ಕೆ ಮೂರನೆಯದು ಎನ್ನುತ್ತದೆ ಶಾಸ್ತ್ರ. ಆದರೆ ಖರಕ್ಕೂ ಸೀಯುವುದಕ್ಕೂ ಅಂತರ ಬಹಳ ಸಣ್ಣದು, ಮನೆಯಲ್ಲಿ ಮಾಡುವವರು ಮಧ್ಯಮದಲ್ಲೇ ಇಳಿಸುವುದು ಕ್ಷೇಮ. ಹೊಸೆದ ಬತ್ತಿಯನ್ನು ಉರಿಗೆ ಹಿಡಿಯಿರಿ. ಚಟಪಟ ಎಂದರೆ ನೀರು ಉಳಿದಿದೆ, ಇನ್ನಷ್ಟು ಕಾಯಿಸಿ. ನೀರು ಉಳಿದ ಎಣ್ಣೆಗೆ ಬೂಷ್ಟು ಬರುತ್ತದೆ, ಬೇಗ ಕಮಟುತ್ತದೆ. ಕಲ್ಕ ಕರಕಲಾಗಿ ಸೀದ ವಾಸನೆ ಬಂದರೆ ಆ ಎಣ್ಣೆ ಚೆಲ್ಲಬೇಕು, ಅದನ್ನು ಸರಿಪಡಿಸುವ ದಾರಿಯಿಲ್ಲ.

ಹದ ಬಂದ ಕೂಡಲೇ ಇಳಿಸಿ. ಪಾತ್ರೆಯ ಶಾಖವೇ ಇನ್ನೂ ಬೇಯಿಸುತ್ತಿರುತ್ತದೆ. ಉಗುರುಬೆಚ್ಚಗಿರುವಾಗ ಒಣ ಹತ್ತಿ ಬಟ್ಟೆಯಲ್ಲಿ ಸೋಸಿ, ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ತುಂಬಿ. ಮೊದಲ ಸಲ ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ, ತುರಿಕೆ, ಕೆಂಪು ಕಾಣಿಸಿದರೆ ಬಳಸಬೇಡಿ. ಕೂದಲು ಬಿಲ್ಲೆ ಬಿಲ್ಲೆಯಾಗಿ ಉದುರುತ್ತಿದ್ದರೆ ಎಣ್ಣೆಯನ್ನು ನೆಚ್ಚಿ ಕೂರದೆ ವೈದ್ಯರಿಗೆ ತೋರಿಸಿ.