ಹಾಲು ಇಳಿಯುವ ಮುಂಚಿನ ದಿನಗಳಲ್ಲಿ ನಾನು ಮಾಡಿದ್ದು

ನನ್ನ ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಎರಡನೆಯ ದಿನದ ಸಂಜೆಯವರೆಗೂ ಎದೆ ಮೊದಲಿದ್ದಷ್ಟೇ ಮೆತ್ತಗಿತ್ತು, ಮಗಳು ಎದೆಗೆ ಹಿಡಿದ ಎರಡೇ ನಿಮಿಷಕ್ಕೆ ನಿದ್ದೆಹೋಗುತ್ತಿದ್ದಳು, ನೋಡಲು ಬಂದವರೆಲ್ಲ "ಹಾಲು ಬಂತಾ?" ಎಂದು ಕೇಳುತ್ತಿದ್ದರು. ಇಲ್ಲ, ಇಲ್ಲ ಎಂದು ಉತ್ತರಿಸುತ್ತಲೇ ನನಗೆ ಹಾಲಿಲ್ಲವೆಂದು ನಾನೂ ನಂಬಿಬಿಟ್ಟಿದ್ದೆ. ಹಾಲು ಇತ್ತು; ಅದನ್ನು ಹೊರತೆಗೆಯುವ ಕೆಲಸ ಸಾಕಷ್ಟು ಸಲ ನಡೆಯುತ್ತಿರಲಿಲ್ಲ.

ಗಿಣ್ಣು ಹಾಲು ಗರ್ಭಾವಸ್ಥೆಯ ಮಧ್ಯಭಾಗದಿಂದಲೇ ಎದೆಯಲ್ಲಿ ಸಿದ್ಧವಾಗತೊಡಗುತ್ತದೆ. ಮಾಸು ಹೊರಬಿದ್ದ ಮೇಲೆ ಬಸಿರನ್ನು ಕಾಯುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಮಟ್ಟ ಇಳಿಯುತ್ತದೆ, ಅದುವರೆಗೆ ಅದರ ತಡೆಯಲ್ಲಿದ್ದ, ಹಾಲು ಉತ್ಪಾದಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ತನ್ನ ಕೆಲಸ ಆರಂಭಿಸುತ್ತದೆ, ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಹಾಲು ತುಂಬಿ ಇಳಿಯುತ್ತದೆ. ಮೊದಲ ಹೆರಿಗೆಯಲ್ಲಿ, ಸಿಸೇರಿಯನ್ ಆದವರಲ್ಲಿ, ಮಧುಮೇಹ ಇರುವವರಲ್ಲಿ ಇದು ಒಂದೆರಡು ದಿನ ತಡವಾಗುವುದುಂಟು. ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಬೇಕಾಗುವುದು ಹೆಚ್ಚೆಂದರೆ ಒಂದೆರಡು ಟೀ ಚಮಚದಷ್ಟು. ಆಮೇಲಿನ ಉತ್ಪಾದನೆ ಮಾತ್ರ ಎದೆ ಎಷ್ಟು ಸಲ, ಎಷ್ಟು ಚೆನ್ನಾಗಿ ಖಾಲಿಯಾಗುತ್ತದೆ ಎಂಬುದನ್ನು ಅವಲಂಬಿಸುತ್ತದೆ, ಏಕೆಂದರೆ ಒಳಗೇ ಉಳಿದ ಹಾಲು ಇನ್ನು ಸಾಕೆಂಬ ಸೂಚನೆಯನ್ನು ಕೊಡುತ್ತಿರುತ್ತದೆ.

ಇದನ್ನು ನನಗೆ ಮನವರಿಕೆ ಮಾಡಿಕೊಟ್ಟವರು ಆ ರಾತ್ರಿಯ ಪಾಳಿಯಲ್ಲಿದ್ದ ನರ್ಸ್. "ಎಷ್ಟು ಬಂತು ಅಂತ ನೋಡಬೇಡಿ, ಎಷ್ಟು ಸಲ ತೆಗೆದಿರಿ ಅಂತ ಲೆಕ್ಕ ಇಡಿ" ಎಂದು ಹೇಳಿ, ಕೈಯಿಂದ ಹಾಲು ಹಿಂಡುವುದನ್ನು ಹೇಳಿಕೊಟ್ಟರು. ಕೈ ತೊಳೆದುಕೊಂಡು, ಎದೆಯನ್ನು ಮೆಲ್ಲಗೆ ನೀವಿ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಒಂದು ಕಡೆ ಹೆಬ್ಬೆರಳು, ಎದುರು ಕಡೆ ತೋರುಬೆರಳು ಇಟ್ಟು, ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಒಂದಕ್ಕೊಂದು ಹತ್ತಿರ ತಂದು ಸಡಿಲಿಸಬೇಕು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಬಾರದು. ಎರಡು ನಿಮಿಷ ಏನೂ ಬರಲಿಲ್ಲ. ಆಮೇಲೆ ತೊಟ್ಟಿನ ತುದಿಯಲ್ಲಿ ಸಾಸಿವೆ ಗಾತ್ರದ, ಹೊಂಬಣ್ಣದ ಹನಿಯೊಂದು ಮೂಡಿ, ಬೀಳದೆ ಅಲ್ಲಿಯೇ ಅಂಟಿಕೊಂಡು ನಿಂತಿತು. ಹದಿನೈದು ನಿಮಿಷದಲ್ಲಿ ಚಮಚದ ತಳ ಮುಚ್ಚುವಷ್ಟು ಆಯಿತು. ಚಮಚದ ಅಂಚನ್ನು ಮಗಳ ಕೆಳತುಟಿಗೆ ತಾಗಿಸಿದಾಗ ಅವಳು ನಾಲಗೆ ಚಾಚಿ ನೆಕ್ಕಿದಳು, ಕಣ್ಣು ಬಿಟ್ಟಳು, ಅಗಲವಾಗಿ ಬಾಯಿ ತೆರೆದಳು. ನಿದ್ದೆಗಣ್ಣಿನ ಕೂಸನ್ನು ಎಬ್ಬಿಸಲು ಅಂಗಾಲು ಉಜ್ಜುವುದಕ್ಕಿಂತ ಆ ನಾಲ್ಕು ಹನಿಯೇ ಉತ್ತಮವೆಂದು ನನಗೆ ಅಂದು ತಿಳಿಯಿತು.

ಅಂದಿನಿಂದ ಎರಡರಿಂದ ಮೂರು ಗಂಟೆಗೊಮ್ಮೆ, ದಿನಕ್ಕೆ 8ರಿಂದ 12 ಸಲ ಹಾಲುಣಿಸಿದೆ. ಪ್ರತಿ ಸಲವೂ ಆಮೇಲೆ ಐದು ಹತ್ತು ನಿಮಿಷ ಕೈಯಿಂದ ಹಿಂಡಿ, ಬಂದದ್ದನ್ನು ಚಮಚದಲ್ಲಿ ಕೊಟ್ಟೆ. ರಾತ್ರಿಯ ಸರದಿಯನ್ನು ಬಿಡಲಿಲ್ಲ, ಪ್ರೊಲ್ಯಾಕ್ಟಿನ್ ರಾತ್ರಿಯಲ್ಲೇ ಹೆಚ್ಚಿರುತ್ತದೆ. ಉಳಿದ ಹೊತ್ತಿನಲ್ಲಿ ಅವಳನ್ನು ಬಟ್ಟೆಯಿಲ್ಲದೆ ನನ್ನ ಬರಿಯ ಎದೆಯ ಮೇಲೆ ಮಲಗಿಸಿಕೊಂಡು, ಬೆನ್ನಿಗೆ ಹೊದಿಕೆ ಹೊದಿಸಿ ಎಚ್ಚರವಾಗಿರುತ್ತಿದ್ದೆ. ಹಿಡಿತದ ವಿಷಯದಲ್ಲಿ ನಾನು ಮಾಡುತ್ತಿದ್ದ ತಪ್ಪೆಂದರೆ ತೊಟ್ಟನ್ನಷ್ಟೇ ಅವಳ ಬಾಯಿಗೆ ಇಡುತ್ತಿದ್ದುದು. ಮೂಗಿನ ಎದುರಿಗೆ ತೊಟ್ಟು ಬರುವಂತೆ ಹಿಡಿದು, ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾದು, ಗದ್ದ ಮೊದಲು ತಾಗುವಂತೆ ಹತ್ತಿರ ತಂದಾಗ ತೊಟ್ಟಿನ ಕೆಳಗಿನ ಕಪ್ಪು ಭಾಗವೂ ಒಳಗೆ ಹೋಗುತ್ತದೆ. ನೋವು ಮುಂದುವರಿದರೆ ಬಾಯಿಯ ಅಂಚಿನಿಂದ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸುತ್ತಿದ್ದೆ.

ಮೂರನೆಯ ದಿನ ಅವಳ ತೂಕ ಹುಟ್ಟಿದಾಗಿನದಕ್ಕಿಂತ ಶೇಕಡಾ 9ರಷ್ಟು ಇಳಿದಿತ್ತು, ಕಾಮಾಲೆಯೂ ಹೆಚ್ಚುತ್ತಿತ್ತು. ವೈದ್ಯರು ಸ್ವಲ್ಪ ಪುಡಿಹಾಲು ಸೇರಿಸಲು ಹೇಳಿದರು, ನಾನು ಒಪ್ಪಿದೆ. ಮಗು ಹಸಿದಿರುವಾಗ ಹಟ ಹಿಡಿಯುವುದು ಸರಿಯಲ್ಲ ಎಂದು ನಾನು ಇಂದಿಗೂ ದೃಢವಾಗಿ ಹೇಳುತ್ತೇನೆ. ಹೊಟ್ಟೆ ತುಂಬಿದ ಮಗುವಿಗೇ ಎದೆ ಚೀಪುವ ಶಕ್ತಿ ಇರುತ್ತದೆ. ಆದರೆ ಮೊದಲು ಎದೆ, ಆಮೇಲೆ ಪುಡಿಹಾಲು, ಅದಾದ ಕೂಡಲೇ ಎರಡೂ ಕಡೆ ಹದಿನೈದು ನಿಮಿಷ ಪಂಪ್ ಎಂಬ ಕ್ರಮವನ್ನು ಒಂದು ಸಲವೂ ತಪ್ಪಿಸಲಿಲ್ಲ. ಮೊದಲ ಸಲ ಪಂಪಿನಲ್ಲಿ ಬಂದದ್ದು ನಾಲ್ಕು ಮಿಲಿಲೀಟರ್.

ನಾಲ್ಕನೆಯ ದಿನ ನಡುರಾತ್ರಿ ಎದೆ ಕಲ್ಲಾಗಿ, ತೊಟ್ಟು ಚಪ್ಪಟೆಯಾಗಿ, ಮಗಳಿಗೆ ಹಿಡಿಯಲು ಏನೂ ಸಿಗದಂತಾಯಿತು. ತೊಟ್ಟಿನ ಬುಡದ ಸುತ್ತ ಬೆರಳ ತುದಿಗಳನ್ನಿಟ್ಟು ಒಂದು ನಿಮಿಷ ಒಳಮುಖವಾಗಿ ಒತ್ತಿ ಹಿಡಿದಾಗ ಬಾವು ಹಿಂದೆ ಸರಿದು ಆ ಜಾಗ ಮೆತ್ತಗಾಯಿತು. ಅಂದು ಮೊದಲ ಸಲ ಅವಳು ಗುಟುಕರಿಸುವ ಸದ್ದು ನನಗೆ ಕೇಳಿಸಿತು.

ಐದನೆಯ ದಿನದಿಂದ ದಿನಕ್ಕೆ ಆರಕ್ಕೂ ಹೆಚ್ಚು ಸಲ ಮೂತ್ರ, ಕಪ್ಪು ಹೋಗಿ ಹಳದಿಗೆ ತಿರುಗಿದ ಮಲ, ಇವೆರಡನ್ನೇ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಹದಿಮೂರನೆಯ ದಿನ ತೂಕ ಹುಟ್ಟಿದ ದಿನದ ಮಟ್ಟಕ್ಕೆ ಮರಳಿತು. ಆಮೇಲೆ ತೂಕ ನೋಡುತ್ತಾ, ವೈದ್ಯರ ಒಪ್ಪಿಗೆಯ ಮೇಲೆ, ಪುಡಿಹಾಲನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿದೆ. ಹಾಲು ಹೆಚ್ಚಿರುತ್ತಿದ್ದ ಬೆಳಗಿನ ಸರದಿಯಿಂದ ಮೊದಲು, ಸಂಜೆಯದು ಕೊನೆಗೆ. ನಾಲ್ಕನೆಯ ವಾರದಲ್ಲಿ ಎದೆ ಮತ್ತೆ ಮೆತ್ತಗಾದಾಗ ಒಂದು ಕ್ಷಣ ಎದೆ ಧಸಕ್ಕೆಂದಿತು. ಪುಸ್ತಕ ತೆಗೆದು ನೋಡಿದೆ. ಹಿಂದಿನ ದಿನ ಒದ್ದೆಯಾದ ಬಟ್ಟೆ ಏಳು, ಹಾಲುಣಿಸಿದ್ದು ಹತ್ತು ಸಲ. ಪುಸ್ತಕ ಮುಚ್ಚಿಟ್ಟು, ಎದ್ದಿದ್ದ ಮಗಳನ್ನು ಎದೆಗೆ ಹಿಡಿದೆ.