ಹದಿಹರೆಯದ ಮಕ್ಕಳ ಜೊತೆ ಜೂನ್‌ನಲ್ಲಿ ನಾರ್ವೆಗೆ ಹೊರಟಿದ್ದೀರಾ?

ದಯವಿಟ್ಟು ಊರುಗಳ ಪಟ್ಟಿ ಉದ್ದ ಮಾಡ್ಕೋಬೇಡಿ. ಓಸ್ಲೋ, ಬರ್ಗೆನ್, ಮಧ್ಯೆ ಫ್ಲೋಮ್ ಸಾಕು. ಓಸ್ಲೋ–ಬರ್ಗೆನ್ ರೈಲಿಗೆ ಸುಮಾರು 7 ಗಂಟೆ ಬೇಕು. ಈ ದಾರಿ ಮಧ್ಯೆ ಸಿಗೋ ಮಿರ್ಡಾಲ್ ನಿಲ್ದಾಣದಲ್ಲಿ ಇಳಿದು ಫ್ಲೋಮ್ ರೈಲು ಹತ್ತಿ; ಅದು 20 ಕಿ.ಮೀ. ದಾರಿಯಲ್ಲಿ 860 ಮೀಟರಿಗೂ ಹೆಚ್ಚು ಕೆಳಗಿಳಿಯುತ್ತೆ. ಫೋನ್ ಹಿಡಿದು ಕೂತ ಮಕ್ಕಳೂ ಕಿಟಕಿಗೆ ಅಂಟಿಕೊಳ್ತಾರೆ!

ಮುಖ್ಯವಾದ ಮಾತು: ಬೆಳಿಗ್ಗೆ ಬೇಗ ಎಬ್ಬಿಸೋ ಹಠ ಬಿಡಿ. ಜೂನ್ ಕೊನೆಗೆ ಓಸ್ಲೋದಲ್ಲಿ ಸೂರ್ಯ ಮುಳುಗೋದೇ ರಾತ್ರಿ ಹತ್ತೂವರೆ ದಾಟಿದ ಮೇಲೆ. ಹನ್ನೊಂದಕ್ಕೆ ಹೊರಟರೂ ಇಡೀ ದಿನ ಸಿಗುತ್ತೆ. ಸಂಜೆ ದೋಣಿಯಲ್ಲಿ ಹೋವೆಡೋಯಾ ದ್ವೀಪಕ್ಕೆ ಹೋಗಿ ಈಜಲಿ. ಸಿಟಿ ಬಸ್ ಟಿಕೆಟ್ಟೇ ದೋಣಿಗೂ ನಡೆಯುತ್ತೆ. ಮಲಗೋಕೆ ಕಣ್ಣುಪಟ್ಟಿ ಇರಲಿ.

ಹೋಟೆಲ್ ಊಟ ದುಬಾರಿ, ಅಡುಗೆಮನೆ ಇರೋ ರೂಮು ನೋಡಿ. ಭಾನುವಾರ ಹೆಚ್ಚಿನ ಸೂಪರ್ ಮಾರ್ಕೆಟ್ ಮುಚ್ಚಿರುತ್ತೆ, ಶನಿವಾರವೇ ಸಾಮಾನು ತಗೊಳ್ಳಿ. ಬರ್ಗೆನ್‌ಗೆ ಮಳೆ ಜಾಕೆಟ್ ಬೇಕೇ ಬೇಕು.