ಶಾಲೆ ಜೊತೆ ಜಗಳ ಆಡಿ ಕಲಿತಿದ್ದು

ಮಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯವರು ಕರೆಸಿದರು. "ಬರೆಯೋದೇ ಇಲ್ಲ, ಸೋಮಾರಿ. ಬೇರೆ ಶಾಲೆ ನೋಡಿಕೊಳ್ಳಿ" ಎಂದರು. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಇದೆ ಎಂದು ಡಾಕ್ಟರ್ ಕೊಟ್ಟ ವರದಿಯನ್ನು ಮೇಜಿನ ಮೇಲಿಟ್ಟೆ. ಯಾರೂ ಬಿಡಿಸಿ ನೋಡಲಿಲ್ಲ.

ಮನೆಗೆ ಬಂದವಳೇ ಕಾನೂನು ಓದಲು ಕೂತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಇಂಥ ಮಕ್ಕಳನ್ನು ಬೇಗ ಗುರುತಿಸಿ, ಅವರಿಗೆ ಹೊಂದುವಂತೆ ಕಲಿಸಬೇಕು ಎನ್ನುತ್ತದೆ 16ನೇ ಸೆಕ್ಷನ್. ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳೂ ಇದಕ್ಕೆ ಒಳಪಡುತ್ತವೆ. ಸರಿ, ಶಾಲೆಗೆ ಮೂರು ಪುಟದ ಪತ್ರ ಬರೆದೆ. ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡುತ್ತೇನೆ ಎಂದೂ ಸೇರಿಸಿದೆ. ಹಾಗೆ ದೂರು ಕೊಡಲು ಅವಕಾಶವೇನೋ ಇದೆ. ಆದರೆ ಪತ್ರ ತಲುಪಿದ ಮೇಲೆ ಟೀಚರ್ ನನ್ನ ಮುಖ ನೋಡುವುದನ್ನೇ ಬಿಟ್ಟರು. ದಿನವಿಡೀ ಮಗ ಇರೋದು ಅವರ ಜೊತೆ ಅಲ್ವಾ?

ಮುಂದಿನ ಸಲ ಕಾನೂನಿನ ಮಾತೆತ್ತಲಿಲ್ಲ. ಅವನ ನೋಟ್‌ಬುಕ್ಕು, ನನ್ನ ಫೋನು, ಎರಡೇ ಒಯ್ದೆ. ಮಳೆ ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ ಅವನು ಬರೆದಿದ್ದು ಒಂದೂವರೆ ಸಾಲು. ಒತ್ತಕ್ಷರಗಳೆಲ್ಲ ಮಾಯ, 'ಸಮುದ್ರ' ಹೋಗಿ 'ಸಮುದ' ಆಗಿತ್ತು. ಅದೇ ಪ್ರಶ್ನೆಗೆ ಅವನು ಬಾಯಲ್ಲಿ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಮೂರು ನಿಮಿಷ. ಕೊನೆಗೆ, ಅಷ್ಟು ನೀರು ಹೊತ್ತ ಮೋಡ ಯಾಕೆ ಬೀಳಲ್ಲ ಅಂತ ನನ್ನನ್ನೇ ಕೇಳಿದ್ದ.

ಟೀಚರ್ ಎರಡು ಸಲ ಕೇಳಿಸಿಕೊಂಡರು. "ಕ್ಲಾಸಲ್ಲಿ ನಲವತ್ತೆರಡು ಮಕ್ಕಳು. ನಾನೊಬ್ಬಳು ಏನು ಮಾಡಲಿ, ಹೇಳಿ" ಎಂದರು. ಅಷ್ಟು ದಿನದ ಜಗಳದಲ್ಲಿ ಮೊದಲ ನಿಜವಾದ ಮಾತು ಅದು. ಅವರ ಮೇಲಿದ್ದ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಅವರಿಗೆ ಜಾಸ್ತಿ ಕೆಲಸವಾಗದಂಥದ್ದನ್ನೇ ಕೇಳಿದೆ. ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ. ಬೋರ್ಡಿನದನ್ನು ಕಾಪಿ ಮಾಡಿಸುವ ಬದಲು ಪಕ್ಕದ ಹುಡುಗಿಯ ನೋಟ್ಸ್ ಜೆರಾಕ್ಸ್ ಮಾಡಿಸಿಕೊಳ್ಳುತ್ತೇನೆ. ಕಿರುಪರೀಕ್ಷೆಯಲ್ಲಿ ಎರಡು ಪ್ರಶ್ನೆ ಬಾಯಲ್ಲಿ ಕೇಳಿ. ಒಪ್ಪಿದರು. ಹಿಂದಿ ಬಿಡಿಸುವ ವಿಷಯಕ್ಕೆ ಮಾತ್ರ ಮುಖ್ಯೋಪಾಧ್ಯಾಯರು ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಭಾಷೆಯ ವಿನಾಯಿತಿ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಇದೆ. ಆದರೂ ಅವತ್ತು ಸುಮ್ನಾದೆ.

ಅದೇ ಸಂಜೆ ಇಮೇಲ್ ಹಾಕಿದೆ: ಥ್ಯಾಂಕ್ಸ್, ನಾವು ಒಪ್ಪಿಕೊಂಡಿದ್ದು ಇಷ್ಟು, ಆರು ವಾರ ಬಿಟ್ಟು ಮತ್ತೆ ಸಿಗೋಣ. ಜೂನ್‌ನಲ್ಲಿ ಟೀಚರ್ ಬದಲಾದರು. ಹೊಸಬರು "ಹಾಗೆಲ್ಲ ಆಗಲ್ಲಮ್ಮ" ಎಂದಾಗ ನಾನು ತೋರಿಸಿದ್ದು ಆ ಇಮೇಲನ್ನೇ. ಹಿಂದಿಯ ಜಗಳ ಇನ್ನೂ ನಡೆಯುತ್ತಿದೆ.